ಹಳೇ ರಸ್ತೆಯ ಮುಳ್ಳು

ಹೊಸದುರ್ಗದಿಂದ ಹಿರಿಯೂರಿಗೆ ಹೋಗುತ್ತಿದ್ದ ಹಳೇ ರಸ್ತೆಯ ಬಗ್ಗೆ ನೀವೊಂದು ಕಥೆ ಕೇಳಿರಬಹುದು. ಕಣಿವೆ ಮಾರಮ್ಮ ಒಬ್ಬ ಬಂಡಿಯವನನ್ನು ಜೋಡಿ ಎತ್ತಿನ ಸಮೇತ ಮುಳ್ಳುಬೇಲಿಯ ಮೇಲಿಂದ ಎತ್ತಿ ನೀರಿಗೆ ಇಳಿಸಿಕೊಂಡಳು, ಬೇಲಿಯ ಒಂದು ಮುಳ್ಳೂ ಮುರಿದಿರಲಿಲ್ಲ, ಎಂಬ ಕಥೆ.

ಅದು ಸುಳ್ಳು. ಹುಟ್ಟಿಸಿದವಳು ನಾನು. ಆ ಬಂಡಿಯವನು ನನ್ನ ಅಣ್ಣ.

ನಾನು ಹೇಳಹೊರಟಿರುವುದು ಬೇರೆ. ಅದಾಗಿ ಎರಡು ವರ್ಷದ ಮೇಲೆ ಒಂದು ರಾತ್ರಿ ನಡೆದದ್ದು. ನಾನು ಕಿವಿಯಾರೆ ಕೇಳಿದ್ದೇನೆ, ಪಕ್ಕದಲ್ಲಿ ಮಲಗಿದ್ದ ಅತ್ತಿಗೆಯೂ ಕೇಳಿದ್ದಾಳೆ. ಸುಳ್ಳು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ.

ಮೊದಲು ರಸ್ತೆಯ ವಿಷಯ ಹೇಳಬೇಕು. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವ ಮುಂಚೆ ಅದು ಹೊಳೆಯ ಪಕ್ಕದಲ್ಲೇ ಹೋಗುತ್ತಿತ್ತು. ಹಿರಿಯೂರಿನ ಹತ್ತಿ ಆ ದಾರಿಯಲ್ಲಿ ಬಂದು, ಹೊಸದುರ್ಗ ದಾಟಿ ರೈಲಿಗೆ ಹೋಗುತ್ತಿತ್ತು. ಹೊಸದುರ್ಗದ ಕೊಬ್ಬರಿ ಅದೇ ದಾರಿಯಲ್ಲಿ ಹಿರಿಯೂರಿನ ಸಂತೆಗೆ ಬರುತ್ತಿತ್ತು. ಎರಡೂ ಕಡೆ ಹುಣಿಸೆ ಮರ, ಮೈಲಿಗೊಂದು ಕಲ್ಲು. ನಮ್ಮ ಹಟ್ಟಿ ಆ ರಸ್ತೆಯ ಮೇಲೇ ಇತ್ತು.

ನನ್ನ ಅಣ್ಣ ಈರಣ್ಣ ಅಲ್ಲಿ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ನಾನು ಶಾಲೆಗೆ ಹೋದದ್ದು ಒಂದೇ ವರ್ಷ. ಉಳಿದ ಅಕ್ಷರ ಕಲಿಸಿದ್ದು ಅವನು, ಮೈಲಿಗಲ್ಲಿನ ಮೇಲೆ. ನನ್ನ ಬೆರಳು ಹಿಡಿದು ಕಲ್ಲಿನಲ್ಲಿ ಕೊರೆದ ಗೆರೆಯೊಳಗೆ ಓಡಿಸುತ್ತಿದ್ದ. "ಇದು ಹಿ. ಹಿರಿಯೂರಿನ ಹಿ. ಮರೆತ್ರೆ ಇದೇ ಕಲ್ಲಿಗೆ ನಿನ್ ತಲೆ ಕುಟ್ತೀನಿ ನೋಡು."

ಕಟ್ಟೆಯ ಹಿಂದೆ ನೀರು ನಿಂತಿತು. ನಮ್ಮ ಹಟ್ಟಿ ಮುಳುಗಿತು. ಮೇಲೆ ದಿಣ್ಣೆಯಲ್ಲಿ ಹೊಸ ಹಟ್ಟಿ ಕಟ್ಟಿಕೊಂಡೆವು. ರಸ್ತೆಯೂ ಗುಡ್ಡ ಬಳಸಿ ಬೇರೆಯಾಯಿತು. ಹಳೆಯದು ಮಾತ್ರ ಕವಲಿನಿಂದ ನೇರವಾಗಿ ಇಳಿದು ನೀರಿನೊಳಗೆ ಹೋಗುತ್ತಿತ್ತು. ದಡದಲ್ಲಿ ನಿಂತು ನೋಡಿದರೆ ಅಲ್ಲಿಗೆ ಮುಗಿದಂತೆ ಕಾಣುತ್ತಿರಲಿಲ್ಲ... ತಳದಲ್ಲಿ ಇನ್ನೂ ಮುಂದಕ್ಕೆ ನಡೆಯುತ್ತಲೇ ಇದೆ ಅನ್ನಿಸುತ್ತಿತ್ತು.

ಕವಲಿನಲ್ಲಿ ಎರಡು ದೊಡ್ಡ ಕಲ್ಲು ನಿಲ್ಲಿಸಿದ್ದರು. ಹಗಲು ಕುರಿಗಳು ನೀರಿಗೆ ಇಳಿಯಬೇಕಲ್ಲ, ಅದಕ್ಕೆ ನಡುವೆ ಒಂದು ಬಂಡಿ ಹೋಗುವಷ್ಟು ಸಂದಿ ಬಿಟ್ಟಿದ್ದರು. ಸಂಜೆಯಾದರೆ ದೊಡ್ಡದೊಂದು ಜಾಲಿಮುಳ್ಳಿನ ಕಂಪೆಯನ್ನು, ಎಂದರೆ ಕಡಿದ ಮುಳ್ಳುಕೊಂಬೆಯನ್ನು, ಎಳೆದು ಆ ಸಂದಿ ಮುಚ್ಚಬೇಕು. ಕುರಿ ಕೂಡುವ ನಮ್ಮ ರೊಪ್ಪ ಕವಲಿನ ಮಗ್ಗುಲಲ್ಲೇ ಇತ್ತು. ಹೀಗಾಗಿ ಆ ಕೆಲಸ ನಮ್ಮ ಮನೆಗೆ ಬಂತು. ಮನೆಯಲ್ಲಿ ನನಗೆ ಬಂತು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಕುರಿ ನೋಡಿಕೊಳ್ಳುತ್ತಿದ್ದೆ.

ಅಣ್ಣ ಎಲ್ಲಿಂದ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಮುಳ್ಳು ಎಳೆದ್ಯೇನೇ ನಿಂಗೀ?"

"ಓ... ಎಳೆದೆ ಕಣಣ್ಣ. ನೀನೇನು ಪಟೇಲನಾ, ದಿನಾ ವಿಚಾರಣೆ ಮಾಡಾಕೆ?"

"ಪಟೇಲನಿಗೆ ಸುಳ್ಳು ಹೇಳ್ಬೋದು ಕಣೇ, ಎತ್ತಿಗೆ ಹೇಳಾಕಾಗಲ್ಲ. ನಮ್ ಕೆಂದ ಇನ್ನೂ ಹಳೇ ಹಟ್ಟೀನೇ ಮನೆ ಅನ್ಕಂಡೈತೆ."

ನಿಜ. ಬಂಡಿಯವರೆಲ್ಲ ರಾತ್ರಿ ದಾರಿಯಲ್ಲಿ ಮಲಗಿಬಿಡುತ್ತಾರೆ, ಎತ್ತು ತನ್ನ ಪಾಡಿಗೆ ಮನೆ ಸೇರುತ್ತದೆ. ಅವನ ಎರಡು ಎತ್ತೂ ಹುಟ್ಟಿದ್ದು ನೀರಿನಡಿಯ ಹಟ್ಟಿಯಲ್ಲಿ.

ಆ ವರ್ಷ ಮಳೆ ಜೋರಾಗಿ ನೀರು ಬಹಳ ಮೇಲೆ ಬಂದಿತ್ತು. ಹಿಂದಿನ ರಾತ್ರಿ ತೋಳ ನುಗ್ಗಿ ಒಂದು ಮರಿ ಹೊತ್ತೊಯ್ದಿತ್ತು. ಸಂಜೆ ರೊಪ್ಪದ ಬಾಯಿಗೆ ಮುಳ್ಳು ಎಳೆಯಲು ಹೋದರೆ ಅದು ಗೆದ್ದಲು ತಿಂದು ಕೈಯಲ್ಲೇ ಪುಡಿಯಾಯಿತು. ಹೊಸ ಕಂಪೆ ಕಡಿಯಲು ಕೊಡಲಿ ಹಿಡಿದು ಹಳ್ಳಕ್ಕೆ ಇಳಿಯಬೇಕು. ನನಗೆ ಬೇಜಾರಾಯಿತು. ಅಷ್ಟೇ. ಕೋಪವಿಲ್ಲ, ದ್ವೇಷವಿಲ್ಲ. ಬರೀ ಬೇಜಾರು.

ಹಳೇ ರಸ್ತೆಗೆ ಹಾಕಿದ್ದ ಕಂಪೆಯನ್ನು ಎಳೆದು ತಂದು ರೊಪ್ಪಕ್ಕೆ ಮುಚ್ಚಿದೆ. ಅಣ್ಣ ಬರುವುದು ನಾಳಿದ್ದು. ಬೆಳಿಗ್ಗೆ ವಾಪಸ್ ಹಾಕಿದರಾಯಿತು ಅಂದುಕೊಂಡು ಹಟ್ಟಿಗೆ ಹೋಗಿ ಮಲಗಿದೆ.

ಅವನು ಆ ರಾತ್ರಿಯೇ ಬಂದ.

ಬೆಳಕು ಹರಿಯುವ ಮುಂಚೆ ನಾನು ರೊಪ್ಪಕ್ಕೆ ಬಂದೆ. ಕವಲಿನ ಹಸಿ ಮಣ್ಣಿನಲ್ಲಿ ಬಂಡಿಯ ಗಾಲಿಯ ಎರಡು ಗೆರೆ... ಆ ಎರಡು ಕಲ್ಲಿನ ನಡುವೆ ಹಾದು ಕೆಳಕ್ಕೆ ಹೋಗಿದ್ದವು. ಓಡಿದೆ. ನೀರಿನ ಮೇಲೆ ಬಂಡಿಯ ಕಮಾನಿನ ತುದಿ ಕಾಣುತ್ತಿತ್ತು. ಸುತ್ತ ಕೊಬ್ಬರಿ ಬಟ್ಟಲುಗಳು ಮಕಾಡೆ ತೇಲುತ್ತಿದ್ದವು. ಇಳಿಜಾರಿನಲ್ಲಿ ಹೊರೆ ಹಿಂದಿನಿಂದ ತಳ್ಳಿದರೆ ಎತ್ತು ಏನು ಮಾಡೀತು? ಅವು ಮನೆಗೆ ಹೋಗಿದ್ದವು.

ಆಗ ನಾನು ಕೂಗಬೇಕಿತ್ತು. ಕೂಗಲಿಲ್ಲ. ಮೊದಲು ವಾಪಸ್ ಹೋಗಿ ರೊಪ್ಪದ ಕಂಪೆಯನ್ನು ಎಳೆದುಕೊಂಡು ಬಂದೆ. ಮುಳ್ಳು ಎಳೆದರೆ ನೆಲದ ಗುರುತು ತಾನಾಗಿ ಅಳಿಯುತ್ತದೆ. ಕುರಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಲಿಯ ಗೆರೆಗಳ ಮೇಲೆ ಎರಡು ಸಲ ಹಿಂದೆ ಮುಂದೆ ಎಳೆದಾಡಿ, ಸಂದಿ ಮುಚ್ಚಿ, ಆಮೇಲೆ ಕೂಗಿದೆ.

ಜನ ಬಂದರು. ಬೇಲಿ ನೋಡಿದರು, ನೀರು ನೋಡಿದರು. ಮುಚ್ಚಿದ ಬೇಲಿಯೊಳಗೆ ಬಂಡಿ ಹೋದದ್ದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ. ಯಾರೋ ಮಾರಮ್ಮನ ಹೆಸರು ಎತ್ತಿದರು. ಇನ್ಯಾರೋ, ಅತ್ತಿಗೆ ಕಾಟಮ್ಮ ಮಾರಮ್ಮನಿಗೆ ಹೊತ್ತ ಹರಕೆ ಇನ್ನೂ ತೀರಿಸಿಲ್ಲ ಎಂದರು. ಅವ್ವ ಎದೆ ಬಡಿದುಕೊಂಡು ಅವಳ ಕಡೆ ತಿರುಗಿದಳು.

"ನನ್ ಮಗನ್ನ ನುಂಗಿದ್ಯಲ್ಲೇ! ಒಂದು ಸೀರೆ, ಒಂದು ಮರಿ... ಅಷ್ಟಕ್ಕೆ ಕೊಟ್ಯಲ್ಲೇ ನನ್ ಮಗನ್ನ!"

ಅತ್ತಿಗೆಯೂ ಅದನ್ನು ನಂಬಿದಳು.

ಎರಡು ವರ್ಷ ಅವಳು ಆ ಮನೆಯಲ್ಲಿ ನಾಯಿಗಿಂತ ಕಡೆಯಾಗಿ ಬದುಕಿದಳು. ಮಕ್ಕಳಿರಲಿಲ್ಲ. ಯಾರೂ ಅವಳ ಕೈಯ ನೀರು ಮುಟ್ಟುತ್ತಿರಲಿಲ್ಲ. ಮೂರನೇ ಬೇಸಿಗೆಯಲ್ಲಿ ಒಂದು ಆಡು ಸತ್ತರೂ ಅವಳೇ ಕಾರಣ ಎನ್ನುವಂತಾಯಿತು. ಅವಳನ್ನು ಹರಿಯಬ್ಬೆಯ ತವರಿಗೆ ಅಟ್ಟಿಬಿಡಬೇಕು ಎಂದು ಹಟ್ಟಿಯ ಹಿರಿಯರು ನಿಶ್ಚಯ ಮಾಡಿದರು. ಬೆಳಿಗ್ಗೆ ಎಲ್ಲರ ಮುಂದೆ ಮಾತು ಮುಗಿಸುವುದು ಎಂದಾಯಿತು.

ಅದರ ಹಿಂದಿನ ರಾತ್ರಿಯೇ ನಾನು ಹೇಳುತ್ತಿರುವ ರಾತ್ರಿ.

ಅವ್ವ ಅವಳನ್ನು ಒಳಗೆ ಮಲಗಿಸಲಿಲ್ಲ. ಅತ್ತಿಗೆ ನನ್ನ ಜೊತೆ ರೊಪ್ಪಕ್ಕೆ ಬಂದಳು. ಬೇಸಿಗೆಗೆ ನೀರು ದೂರ ಹಿಂದೆ ಸರಿದಿತ್ತು. ಹಳೇ ರಸ್ತೆ ಕೆಸರು ಹೊದ್ದು ಮತ್ತೆ ಮೇಲೆದ್ದಿತ್ತು. ಮೈಲಿಗಲ್ಲುಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ನಾನು ರಸ್ತೆಗೂ ಮುಳ್ಳು ಎಳೆದೆ, ರೊಪ್ಪಕ್ಕೂ ಎಳೆದೆ. ಅಣ್ಣ ಹೋದ ದಿನದಿಂದ ಎರಡಕ್ಕೂ ಬೇರೆ ಬೇರೆ ಕಂಪೆ.

ಗಾಳಿ ಇರಲಿಲ್ಲ. ಚಂದ್ರ ಇನ್ನೂ ಹುಟ್ಟಿರಲಿಲ್ಲ. ಮೊದಲು ಬಂದದ್ದು ವಾಸನೆ. ಬಂಡಿಯ ಅಚ್ಚಿಗೆ ಹಚ್ಚುವ ಹರಳೆಣ್ಣೆ, ಮಸಿ... ಅದರ ಹಿಂದೆಯೇ ನೆನೆದು ಕೊಳೆತ ಕೊಬ್ಬರಿಯ ಕಮಟು.

ನಾಯಿ ಎದ್ದು ನಿಂತಿತು. ಬೊಗಳಲಿಲ್ಲ. ಬಂದು ನಮ್ಮಿಬ್ಬರ ನಡುವೆ ಕಂಬಳಿಯೊಳಗೆ ತೂರಿಕೊಂಡಿತು.

ಆಮೇಲೆ ಗಂಟೆ. ಒಂದು ಎತ್ತಿನ ಗಂಟೆ ಚೆನ್ನಾಗಿ ನಾದ ಕೊಡುತ್ತಿತ್ತು. ಇನ್ನೊಂದು ಸೀಳಿದ್ದರಿಂದ 'ಟಕ್' ಎಂದಷ್ಟೇ ಅನ್ನುತ್ತಿತ್ತು. ಟಣ್... ಟಕ್. ಟಣ್... ಟಕ್. ಸದ್ದು ಬರುತ್ತಿದ್ದದ್ದು ಹೊಸದುರ್ಗದ ಕಡೆಯಿಂದ ಅಲ್ಲ. ಕೆಳಗಿನಿಂದ. ನೀರಿನ ಕಡೆಯಿಂದ ಏರುತ್ತ ಬರುತ್ತಿತ್ತು.

ಅತ್ತಿಗೆಯ ಕೈ ನನ್ನ ತೋಳಿಗೆ ಬಂತು. ಪಿಸುಗುಟ್ಟಿದಳು.

"ಕೆಂದನ ಗಂಟೆ ಕಣೇ ಅದು."

"ಸುಮ್ನಿರು. ಯಾವುದೋ ಬಂಡಿ."

"ಅಲ್ಲಿಂದ ಯಾವ ಬಂಡಿ ಬರ್ತದೆ?"

ದೂರದಿಂದ ಕೂಗು ಕೇಳಿಸಿತು. ದಣಿದ, ನಿದ್ದೆಗಣ್ಣಿನ, ದಿನಾ ಕೇಳಿದಂಥದೇ ದನಿ.

"ಮುಳ್ಳು ಎಳೆದ್ಯೇನೇ ನಿಂಗೀ?"

ಅತ್ತಿಗೆ ಅಳಲಿಲ್ಲ. ಎದ್ದು ಕೂತಳು. "ನಿಮ್ಮಣ್ಣ. ಓ ಅನ್ನೇ."

"ರಾತ್ರಿ ಕೂಗಿಗೆ ಓ ಅನ್ಬಾರ್ದು. ಅವ್ವ ಹೇಳಿಲ್ವಾ?" ಎಂದೆ. ಅದು ಬರೀ ನೆಪ.

ಗಂಟೆ ಕವಲಿನ ಹತ್ತಿರ ನಿಂತಿತು. ಎತ್ತು ಮೂಗಿನಿಂದ ಉಸಿರು ಬಿಟ್ಟಿತು. ಎರಡನೇ ಸಲ ಅದೇ ಮಾತು. ಈ ಸಲ ದಣಿವಿರಲಿಲ್ಲ. ಉತ್ತರ ಗೊತ್ತಿದ್ದೂ ಕೇಳುವವರ ದನಿ ಹಾಗಿರುತ್ತದೆ.

"ಯಾವ ಮುಳ್ಳು ಕೇಳ್ತಾ ಅವ್ನೇ?" ಅತ್ತಿಗೆ ನನ್ನ ಮುಖದ ಹತ್ತಿರ ಬಗ್ಗಿದಳು. ಕತ್ತಲೆಯಲ್ಲಿ ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. "ನಿಂಗೀ... ಯಾವ ಮುಳ್ಳು?"

ಹೇಳಿಬಿಡಬಹುದಿತ್ತು. ನಾಳೆ ಅವಳ ಬದಲು ನನ್ನನ್ನು ಅಟ್ಟುತ್ತಿದ್ದರು. ಅವಳಿಗೆ ಹೋಗಲು ತವರಿತ್ತು. ನನಗೆ ಇದೇ ತವರು.

"ರೊಪ್ಪದ್ದು," ಎಂದೆ.

ಮೂರನೇ ಸಲ ಅದು ಕೂಗಲಿಲ್ಲ. ರೊಪ್ಪದ ಗೋಡೆಯ ಆಚೆ, ನನ್ನ ಕಿವಿಗೆ ಮೊಳ ದೂರದಲ್ಲಿ, ಹಲ್ಲು ಕಚ್ಚಿದಂತೆ ಹೇಳಿತು. "ಎಳೆದ್ಯೇನೇ..."

ಆಮೇಲೆ ಸರ್... ಸರ್... ಎಂದು ಮುಳ್ಳಿನ ಕಂಪೆಯನ್ನು ನೆಲದ ಮೇಲೆ ಎಳೆದೊಯ್ಯುವ ಸದ್ದು. ನಿಧಾನವಾಗಿ, ನಮ್ಮ ಬಾಗಿಲಿನಿಂದ ಕವಲಿನ ಕಡೆಗೆ. ಅಲ್ಲಿ ಹಿಂದೆ ಮುಂದೆ ಎರಡು ಸಲ ಎಳೆದಾಡಿತು. ಎರಡೇ ಸಲ. ಆಗ ನನಗೆ ಅರ್ಥವಾಯಿತು. ಅವತ್ತು ಬೆಳಿಗ್ಗೆ ನಾನು ಒಬ್ಬಳೇ ಇದ್ದೆ ಎಂದುಕೊಂಡಿದ್ದೆ... ಇರಲಿಲ್ಲ.

ಬೆಳಗಾಗುವವರೆಗೂ ಇಬ್ಬರೂ ಅಲುಗಾಡಲಿಲ್ಲ.

ಬೆಳಕಾದಾಗ ರೊಪ್ಪದ ಬಾಯಿ ತೆರೆದಿತ್ತು. ಕಂಪೆ ಕವಲಿನಲ್ಲಿ, ರಸ್ತೆಯ ಕಂಪೆಯ ಮೇಲೆ ಬಿದ್ದಿತ್ತು. ನೀರು ಅರ್ಧ ಮೈಲಿ ದೂರ ಇದ್ದರೂ ಮುಳ್ಳಿನ ತುದಿತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದಲ್ಲಿ ಒಂದು ಹೆಜ್ಜೆಯೂ ಇಲ್ಲ, ಗುಡಿಸಿದಂತೆ ನುಣ್ಣಗೆ. ಬಾಗಿಲು ತೆರೆದಿದ್ದರೂ ಒಂದು ಕುರಿಯೂ ಹೊರಗೆ ಹೋಗಿರಲಿಲ್ಲ. ಎಲ್ಲವೂ ಎದ್ದು ನಿಂತಿದ್ದವು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

ಹಟ್ಟಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಯಜಮಾನ ಎಲ್ಲರನ್ನೂ ಒಮ್ಮೆ ನೋಡಿ ಕೇಳಿದ.

"ಯಾರಾದ್ರೂ ಏನಾದ್ರೂ ಹೇಳೋದು ಐತೇನ್ರಪ್ಪಾ?"

ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತೆ.

ಅತ್ತಿಗೆ ಒಂದು ಗಂಟು ಹೊತ್ತು ಹೊರಟಳು. ಕವಲಿನಲ್ಲಿ ನಿಂತು ಆ ಒದ್ದೆ ಮುಳ್ಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನನ್ನು.

"ಅವ್ನು ಕರೆದಾಗ ನೀನು ಓ ಅನ್ನದೇ ಇದ್ದಿದ್ದು ಇದೇ ಮೊದ್ಲು ಕಣೇ," ಅಂದಳು. ಹೊರಟವಳು ತಿರುಗಿ ನೋಡಲಿಲ್ಲ.

ಅವಳು ಹೋದ ಮೇಲೆ ಕೂಗು ನಿಲ್ಲಲಿಲ್ಲ. ಪ್ರತಿ ಬೇಸಿಗೆ, ನೀರು ಹಿಂದೆ ಸರಿದು ರಸ್ತೆ ಮೇಲೆದ್ದಾಗ ಬರುತ್ತದೆ. ಒಂದು ವರ್ಷ ತಡೆಯಲಾರದೆ ಹಗಲಿನಲ್ಲಿ ಆ ರಸ್ತೆಗೆ ಇಳಿದೆ. ಅಣ್ಣ ಅಕ್ಷರ ಕಲಿಸಿದ ಮೈಲಿಗಲ್ಲಿನ ಮೇಲೆ ಇದ್ದಿಲಿನಿಂದ ಬರೆದೆ: 'ಮುಳ್ಳು ನಾನೇ ತೆಗೆದೆ ಅಣ್ಣ.' ಅವನಿಗೆ ಓದಲು ಬರುತ್ತದಲ್ಲ.

ಮಾರನೇ ದಿನ ನೋಡಿದರೆ ಕಲ್ಲಿನ ಮೇಲೆ ಹಸಿ ಕೆಸರು. ಅಂಗೈಯಿಂದ ಒರೆಸಿದಂತೆ, ಬೆರಳಿನ ಗೆರೆ ಸಮೇತ. ಅವತ್ತು ರಾತ್ರಿ ಮತ್ತೆ ಅದೇ ಪ್ರಶ್ನೆ. ಹೀಗೆ ಐದಾರು ಸಲ ಬರೆದೆ. ಐದಾರು ಸಲವೂ ಒರೆಸಿದ. ನನ್ನ ಉತ್ತರ ಅವನಿಗೆ ಬೇಡ.

ಅವ್ವ ಹೋದಳು, ಹಿರಿಯರೂ ಹೋದರು. ಅಚ್ಚಾದದ್ದನ್ನು ಯಾರೂ ಒರೆಸಲಾರರು ಎಂದು ಇದನ್ನು ಬರೆಯಲು ಕೂತೆ. ಇದು ಎರಡನೇ ಸಲ ಬರೆದದ್ದು. ಮೊದಲು ಬರೆದ ಹಾಳೆಗಳನ್ನು ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದರೆ ಒಳಗೆ ಹಾಳೆಯಿರಲಿಲ್ಲ, ಮುದ್ದೆಯಿತ್ತು. ಕಮಟು ಕೊಬ್ಬರಿಯ ವಾಸನೆ.

ಅವನಿಗೆ ಏನು ಬೇಕು ಎಂದು ನನಗೆ ಗೊತ್ತು. ಕಾಟಮ್ಮ ಇನ್ನೂ ಇದ್ದಾಳಂತೆ. ಗಂಡನನ್ನು ತಾನೇ ಕೊಂದೆ ಎಂದು ನಂಬಿಕೊಂಡೇ ಇದ್ದಾಳಂತೆ. ಹರಿಯಬ್ಬೆಗೆ ಬಂಡಿಯಲ್ಲಿ ಎರಡೇ ದಿನದ ದಾರಿ.

ಆ ದಾರಿಗೆ ಯಾರೂ ಮುಳ್ಳು ಎಳೆದಿಲ್ಲ.