ಕೊನೆಯ ಪುಟದಿಂದ ಓದಿದವಳು

ಜೆರಾಕ್ಸ್ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲಿಲ್ಲವೆಂದಲ್ಲ. ಆದರೆ ಕಾಲೇಜಿನ ಎದುರು ಇಪ್ಪತ್ತೆರಡು ವರ್ಷ ಅಂಗಡಿ ಹಾಕಿಕೊಂಡು ಕೂತವಳ ಹೆಸರು ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಮೊದಲ ವರ್ಷದ ಹುಡುಗರು 'ಅಕ್ಕಾ, ಎರಡು ಕಾಪಿ' ಎಂದರು. ಅವರು ಹೋದ ಮೇಲೆ ಬಂದವರೂ ಅದನ್ನೇ ಅಂದರು. ಕೊನೆಗೆ ಕಟ್ಟಿಕೊಂಡ ಗಂಡನೂ ಒಮ್ಮೊಮ್ಮೆ ಬಾಯಿತಪ್ಪಿ 'ಅಕ್ಕಾ' ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುವ ಮಟ್ಟಕ್ಕೆ ಬಂತು.

ಅಂಗಡಿಯೆಂದರೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಎರಡು ಯಂತ್ರ, ಅದರಲ್ಲೊಂದು ಮುಚ್ಚಳ ಎತ್ತಿದರೆ ಸಾಕು, ಕೆಮ್ಮುತ್ತಿತ್ತು. ಒಂದು ಮೂಲೆಯಲ್ಲಿ ಟೈಪ್ ಮಾಡಲು ಕಂಪ್ಯೂಟರ್. ಹುಡುಗರು ಜೇಬಿಗಿಳಿಸಬಾರದೆಂದು ಸ್ಟೇಪ್ಲರಿಗೆ ದಾರ ಕಟ್ಟಿತ್ತು. ಗೋಡೆಯ ಮೇಲೆ ಅಕ್ಕ ತಾನೇ ಬರೆದು ಅಂಟಿಸಿದ ಒಂದು ಸಾಲು: 'ಅವಸರ ಇರುವವರು ನಿನ್ನೆಯೇ ಬರಬೇಕಿತ್ತು.' ಅವಳ ಬಾಯಿ ಸ್ವಲ್ಪ ಖಾರ. ಆದರೆ ಪರೀಕ್ಷೆಯ ಹಿಂದಿನ ದಿನ ಅಳುತ್ತಾ ಬಂದವರನ್ನು ಅವಳು ಯಾವತ್ತೂ ಬರಿಗೈಲಿ ಕಳಿಸಿದವಳಲ್ಲ.

ಅವಳೂ ಅದೇ ಕಾಲೇಜಿನಲ್ಲಿ ಓದಿದ್ದಳು. ಎಷ್ಟು ದಿನ ಎಂದು ಕೇಳಬೇಡಿ. ಮೂರು ತಿಂಗಳು. ಒಂದು ಬೆಳಿಗ್ಗೆ ಅಮ್ಮ ನೀರು ತುಂಬುವಾಗಲೇ ಕುಸಿದು ಬಿದ್ದಳು. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿತು. ಕೆಳಗೆ ಮೂವರು ತಮ್ಮ ತಂಗಿಯರು. ಮನೆಗೆ ದೊಡ್ಡವಳು ಇವಳೇ, ಪುಸ್ತಕ ಅಟ್ಟಕ್ಕೆ ಹೋಯಿತು. ಅಮ್ಮ ಹನ್ನೊಂದು ವರ್ಷ ಮಲಗಿದ್ದಳು. ಉಳಿದವರು ಓದಿ ಒಂದೊಂದು ದಡ ಸೇರಿದರು. ಈಗ ಮನೆಯಲ್ಲಿ ನಾಲ್ಕು ಜನ ಸೇರಿದಾಗ 'ಅಕ್ಕ ನಮಗಾಗಿ ತ್ಯಾಗ ಮಾಡಿದಳು' ಎಂದು ಅವರು ಹೇಳುವುದುಂಟು. ಆಗ ಅಕ್ಕ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ತ್ಯಾಗವಂತೆ ತ್ಯಾಗ. ಕೇಳಿದಾಗ ಕೊಟ್ಟರೆ ಅದು ತ್ಯಾಗ, ಕೇಳದೆ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಇಷ್ಟಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ ತುತ್ತು ಬೇರೆ. ಆ ಮೂರು ತಿಂಗಳು ಅವಳ ಪಕ್ಕ ಒಂದೇ ಬೆಂಚಿನಲ್ಲಿ ಕೂತವಳು, ಅವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದವಳು, ಓದಿ ಓದಿ ಒಂಬತ್ತು ವರ್ಷದ ಹಿಂದೆ ಅದೇ ಕಾಲೇಜಿಗೆ ಪ್ರಬಂಧ ರಚನೆಯ ಮೇಡಂ ಆಗಿ ಬಂದಳು. ಮೊದಲ ದಿನ ಅಂಗಡಿಗೆ ಬಂದು, ಪೆನ್ನಿನ ತುದಿ ಕಚ್ಚುತ್ತಾ, 'ಎರಡೂ ಬದಿ ಹಾಕಿ' ಎಂದು ಹೇಳಿ ನಿಂತಾಗ ಅಕ್ಕ ತಟ್ಟನೆ ಗುರುತು ಹಿಡಿದಳು. ಪೆನ್ನು ಕಚ್ಚುವ ಚಾಳಿ ಹೋಗಿರಲಿಲ್ಲ. ಮೇಡಂ ಮಾತ್ರ ಗುರುತು ಹಿಡಿಯಲಿಲ್ಲ. ಅಕ್ಕ ತಾನಾಗಿ ಬಾಯಿ ಬಿಡಲಿಲ್ಲ. ಬಿಟ್ಟರೆ 'ಅಯ್ಯೋ ಪಾಪ' ಅನ್ನುತ್ತಾಳೆ. ಯಾರ ಬಾಯಿಂದ ಬೇಕಾದರೂ ಕೇಳಿಯಾಳು, ಆ ಬಾಯಿಂದ ಆ ಎರಡು ಮಾತು ಅವಳಿಗೆ ಬೇಡ. ಹಾಗೆಂದು ಮೇಡಂ ರಸ್ತೆ ದಾಟಿ ಒಳಗೆ ಹೋಗುವುದನ್ನು ದಿನಾ ನೋಡದೆ ಇರಲೂ ಆಗುತ್ತಿರಲಿಲ್ಲ. ತಾನೂ ಹೋಗಬೇಕಿದ್ದ ಬಾಗಿಲು ಅದು.

ಹೀಗಿರುವಾಗ ಮೇಡಂ ಒಂದು ಹಳೇ ಕಾದಂಬರಿ ತಂದಳು. ಎಲ್ಲೂ ಸಿಗದ ಪುಸ್ತಕ, ತರಗತಿಗೆ ನಲವತ್ತೊಂದು ಪ್ರತಿ ಬೇಕು. ಕಥೆ ಮುಂದೆಂದೋ ನಡೆಯುವ ಯುದ್ಧದ್ದು. ಮನುಷ್ಯರಿಗೂ ಯಾವುದೋ ದೂರದ ಗ್ರಹದವರಿಗೂ ಜಗಳ. ಯುದ್ಧನೌಕೆಗಳು ಎಷ್ಟು ದೂರ ಹೋಗಿರುತ್ತವೆಂದರೆ ಅಲ್ಲಿಂದ ಒಂದು ಸಂದೇಶ ಮನೆಗೆ ಮುಟ್ಟಲು ಏಳು ವರ್ಷ. ಆ ಸಂದೇಶಗಳನ್ನು ಬರೆದುಕೊಳ್ಳುವ ಕೆಲಸ ಒಬ್ಬ ಹೆಂಗಸಿನದು, ಅವಳ ಗಂಡನೂ ಅಲ್ಲೇ ಒಂದು ನೌಕೆಯಲ್ಲಿ.

ಇಲ್ಲಿ ಅಕ್ಕನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಪುಸ್ತಕ ತೆರೆದು ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದರೆ ನಲವತ್ತೊಂದು ಹಾಳೆ ಉರುಳಿ ಬರುತ್ತವೆ. ಅವನ್ನು ನೆಲದ ಮೇಲೆ ನಲವತ್ತೊಂದು ಕಡೆ ಒಂದೊಂದಾಗಿ ಇಡುತ್ತಾ ಹೋಗಬೇಕು. ಮೊದಲ ಪುಟದಿಂದ ಶುರು ಮಾಡಿದರೆ ಮೊದಲ ಪುಟ ಅಡಿಗೆ ಬೀಳುತ್ತದೆ. ಅದಕ್ಕೇ ಅವಳು ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದ ಹಿಡಿಯುವವಳು. ಹಾಳೆ ಉರುಳುವಷ್ಟು ಹೊತ್ತು ಕೈಗೆ ಕೆಲಸವಿಲ್ಲ, ಆಗ ತಾಜಾ ಹಾಳೆಯೊಂದನ್ನು ಎತ್ತಿ ಓದುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಓದಿದ್ದೆಲ್ಲ ಹೀಗೇ. ಅವಳ ಪಾಲಿಗೆ ಅದೇ ಸಲೀಸು.

ಹಾಗಾಗಿ ಅವಳು ಓದಿದ ಯುದ್ಧವೇ ಬೇರೆ. ಶುರುವಿನಲ್ಲಿ ಒಬ್ಬ ಮುದುಕಿ ಪಾಳುಬಿದ್ದ ಸಂದೇಶ ಕೇಂದ್ರದಲ್ಲಿ ಒಬ್ಬಳೇ ಕೂತು ಸತ್ತವರ ಸಂದೇಶಗಳಿಗೆ ಉತ್ತರ ಕಳಿಸುತ್ತಿದ್ದಳು. ಆಮೇಲೆ ಬಿದ್ದ ಊರು ಎದ್ದು ನಿಂತಿತು. ಸುಟ್ಟ ನೌಕೆಗಳು ನೆಟ್ಟಗಾದವು. ಸತ್ತವರು ಎದ್ದು ಒಬ್ಬರಿಗೊಬ್ಬರು ತಮಾಷೆ ಮಾಡತೊಡಗಿದರು. ಮುದುಕಿಯ ಕೂದಲು ಕಪ್ಪಾಯಿತು. ಕೊನೆಯ ಹಾಳೆ ತೆಗೆದಾಗ ಗಂಡ ಮನೆಯ ಬಾಗಿಲಲ್ಲಿ ನಿಂತಿದ್ದ, ಅವಳ ಕೈ ಅವನ ಅಂಗಿಯ ಗುಂಡಿಯ ಮೇಲಿತ್ತು. ಅಕ್ಕ ಅಂಗಡಿಯಲ್ಲೇ ಮೂಗೊರೆಸಿಕೊಂಡಳು. ಗಿರಾಕಿಯೊಬ್ಬ 'ಏನಕ್ಕಾ, ನೆಗಡಿನಾ' ಅಂದ. 'ಹೂಂ, ನಿನ್ನ ನೋಟ್ಸ್ ನೋಡಿ ಬಂತು' ಅಂದಳು.

ವಾರ ಕಳೆದು ಮೇಡಂ ಪ್ರಬಂಧದ ಪ್ರಶ್ನೆ ಕೊಟ್ಟಳು. 'ನಿಲ್ಲಿಸು ಎಂದು ಆಜ್ಞೆ ಬಂದ ಮೇಲೂ ಅವಳು ಉತ್ತರ ಕಳಿಸುತ್ತಲೇ ಇದ್ದದ್ದು ಸರಿಯೇ?' ಹುಡುಗರು ಬರೆದದ್ದನ್ನು ಅಂಗಡಿಗೆ ತಂದುಕೊಡಬೇಕು, ಅಕ್ಕ ಎಲ್ಲ ಸೇರಿಸಿ ಒಂದೇ ಕಟ್ಟು ಮಾಡಿ ಮೇಡಂಗೆ ತಲುಪಿಸಬೇಕು, ಅದು ವಾಡಿಕೆ. ನಲವತ್ತು ಬಂದವು. ಒಂದು ಬರಲಿಲ್ಲ. ಯಾರದೆಂದು ಅಕ್ಕನಿಗೆ ಗೊತ್ತಿತ್ತು. ಎಲ್ಲದಕ್ಕೂ ತಡವಾಗಿ ಬರುವ ಹುಡುಗಿಯೊಬ್ಬಳಿದ್ದಳು, ಅಕ್ಕ ಅವಳಿಗೆ ಲೇಟಮ್ಮ ಎಂದೇ ಹೆಸರಿಟ್ಟಿದ್ದಳು.

ಆ ಖಾಲಿ ಜಾಗ ನೋಡಿ ಅಕ್ಕನ ಬುದ್ಧಿ ಕೆಟ್ಟಿತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮೂರು ಪುಟ ಟೈಪ್ ಮಾಡಿದಳು. ಆ ಹೆಂಗಸು ಮಾಡಿದ್ದು ಸರಿ, ಯಾಕೆಂದರೆ ಕೊನೆಯಲ್ಲಿ ಗಂಡ ಮನೆಗೆ ಬಂದೇ ಬರುತ್ತಾನೆ ಎಂದು ಬರೆದಳು. ಹೆಸರು ಹಾಕಲಿಲ್ಲ. ಕಟ್ಟಿನ ನಡುವೆ ತೂರಿಸಿ ಕಳಿಸಿಬಿಟ್ಟಳು. ಆಗಬೇಕಾದ್ದು ಇಷ್ಟೇ ಇತ್ತು, ಆ ಪೆನ್ನು ಕಚ್ಚುವವಳು ಒಂದು ಸಲ ತನ್ನದನ್ನು ಓದಬೇಕು.

ಕಳಿಸಿದ ಮೇಲೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇ ಆಯಿತು. ಮೇಡಂ ರಸ್ತೆ ದಾಟಿದರೆ ಸಾಕು, ಅಕ್ಕ ಯಂತ್ರದ ಹಿಂದೆ ಬಗ್ಗಿ ಇಲ್ಲದ ಹಾಳೆ ಹುಡುಕುತ್ತಿದ್ದಳು.

ಎಂಟು ದಿನದ ಮೇಲೆ, ಒಂದು ಬುಧವಾರ, ಲೇಟಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. ಕೈಯಲ್ಲಿ ಅದೇ ಮೂರು ಪುಟ.

'ಅಕ್ಕಾ, ಹೆಸರಿಲ್ಲದ್ದು ಒಂದು ಉಳೀತು. ಕೊಡದೆ ಇದ್ದವಳು ನಾನೊಬ್ಬಳೇ. ಹೆಸರು ಬರೆಯೋಕೂ ಲೇಟಾ ಅಂತ ನನ್ನ ಮುಂದೆ ಇಟ್ಟುಬಿಟ್ರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಾನೂ ಅನ್ನಲಿಲ್ಲ. ನಾಳೆ ಎಲ್ಲರ ಮುಂದೆ ನಿಂತು ಇದಕ್ಕೆ ಉತ್ತರ ಹೇಳಬೇಕಂತೆ. ಇದನ್ನ ತಂದುಕೊಟ್ಟಿದ್ದು ಯಾರು, ನೆನಪಿದ್ರೆ ಹೇಳಿ. ಕಾಲು ಹಿಡ್ಕೋತೀನಿ.'

ಅಕ್ಕ ಹಾಳೆ ಈಸಿಕೊಂಡಳು. ಅಂಚಿನ ತುಂಬ ಕೆಂಪು ಶಾಯಿ. 'ಕೊನೆಯಲ್ಲಿ ಗಂಡ ಮನೆಗೆ ಬರುತ್ತಾನೆ' ಎಂಬಲ್ಲಿ ಅಡ್ಡಗೆರೆ ಎಳೆದು, 'ಇದು ಮೊದಲ ಪುಟವಲ್ಲವೇ? ಅವನು ಹೊರಡುವ ದಿನ ಅದು' ಎಂದು ಬರೆದಿತ್ತು. ಅಕ್ಕನ ಕಿವಿ ಬಿಸಿಯಾಯಿತು. ಪುಟದ ಅಂಕಿ ಅವಳ ಕಣ್ಣಿಗೂ ಬಿದ್ದಿತ್ತಲ್ಲ, ಆದರೆ ಅಭ್ಯಾಸಬಲ ನೋಡಿ, ಜಗತ್ತು ಮುಂದಿನಿಂದ ಓದುತ್ತದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಅದರ ಕೆಳಗೆ ಇನ್ನೆರಡು ಸಾಲು ಇತ್ತು. 'ತಪ್ಪು ಎಂದುಕೊಂಡೆ. ಆಮೇಲೆ ನಾನೂ ಹಿಂದಿನಿಂದ ಓದಿ ನೋಡಿದೆ, ಎಲ್ಲರೂ ಮನೆಗೆ ಬಂದರು. ಆದರೆ ಮುಂದಿನಿಂದಲೇ ಬದುಕಬೇಕಾದವರಿಗೆ ನೀವು ಏನು ಹೇಳುತ್ತೀರಿ?'

ಅಕ್ಕ ಅದನ್ನು ಮತ್ತೆ ಮತ್ತೆ ಓದಿದಳು. ಯಂತ್ರ ಕೆಮ್ಮುತ್ತಲೇ ಇತ್ತು, ಅವಳು ಆರಿಸಲಿಲ್ಲ. ಲೇಟಮ್ಮ ಕ್ಲಾಸಿಗೆ ತಡವಾಗುವವಳೇ ಹೊರತು ಬುದ್ಧಿಗೆ ತಡವಾಗುವವಳಲ್ಲ.

'ಅಕ್ಕಾ, ಇದು ನಿಮ್ದಾ?' ಎಂದು ಮೆಲ್ಲಗೆ ಕೇಳಿದಳು.

ಅಕ್ಕ ಮೂರೂ ಹಾಳೆಯನ್ನು ಮಡಿಚಿ ಎದೆಗೆ ಒತ್ತಿಕೊಂಡಳು. ಹುಡುಗಿಗೆ ಅಷ್ಟು ಸಾಕಾಯಿತು. 'ಹಾಗಾದ್ರೆ ಒಳ್ಳೇದೇ ಆಯ್ತು. ಉತ್ತರ ಏನಂತ ಹೇಳಿಕೊಡಿ, ನಾನು ಬಾಯಿಪಾಠ ಮಾಡ್ಕೊಂಡು ಹೇಳಿಬಿಡ್ತೀನಿ. ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ.'

ದಾರಿ ಸಲೀಸಾಗಿತ್ತು. ಕಟ್ಟಿನಲ್ಲಿ ಕಳ್ಳತನದಿಂದ ಹಾಳೆ ತೂರಿಸಿದ್ದು ಹೊರಬೀಳುವುದಿಲ್ಲ, ಕಾಲೇಜಿನ ಕೆಲಸ ಕೈತಪ್ಪುವುದಿಲ್ಲ, 'ಅಯ್ಯೋ ಪಾಪ' ಕೇಳುವ ಗತಿ ಬರುವುದಿಲ್ಲ. ಆದರೂ ಅವಳಿಗೆ ಹೊಟ್ಟೆ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾರಾದರೂ ಅವಳನ್ನು ಕೇಳಿದ ಪ್ರಶ್ನೆ ಎಂದರೆ 'ಎಷ್ಟೊತ್ತಾಗುತ್ತೆ' ಅನ್ನುವುದೊಂದೇ.

'ಆಗಲ್ಲ ಕಣೇ' ಅಂದಳು. 'ಅದು ನನ್ನನ್ನ ಕೇಳಿರೋ ಪ್ರಶ್ನೆ. ನೀನು ಹೇಗೆ ಉತ್ತರ ಹೇಳ್ತೀಯ?'

ಗುರುವಾರ ಬೆಳಿಗ್ಗೆ ಗಂಡನನ್ನು ಕರೆದು ಅಂಗಡಿಯಲ್ಲಿ ಕೂರಿಸಿದಳು. ಅವನು ಕಚೇರಿಗಳಲ್ಲಿ ಯಂತ್ರ ರಿಪೇರಿ ಮಾಡುವವನು, ಮಾತು ಕಡಿಮೆ.

'ಎಲ್ಲಿಗೆ?' ಎಂದು ಕೇಳಿದ.

'ಕ್ಲಾಸಿಗೆ.'

ಅವನು ತನ್ನ ಜೇಬಿನ ಪೆನ್ನು ತೆಗೆದು ಚಾಚಿದ. 'ಪೆನ್ನು ತಗೊಂಡು ಹೋಗು' ಅಂದ.

ಲೇಟಮ್ಮ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಹೊತ್ತಿಗೆ ಮುಂಚೆ ಬಂದು ಗೇಟಿನ ಹತ್ತಿರ ಕಾಯುತ್ತಿದ್ದಳು. ಕೋಣೆಯೊಳಗೆ ಹೋಗಿ ಅವಳೇ ಎಲ್ಲ ಹೇಳಿದಳು, ಬರೆದದ್ದು ತಾನಲ್ಲ, ಎದುರಂಗಡಿ ಅಕ್ಕ ಎಂದು. ಹುಡುಗರು ಗುಸುಗುಸು ಎಂದರು. ಯಾರೋ ಒಬ್ಬ 'ಅಕ್ಕಾ, ಎರಡು ಕಾಪಿ' ಎಂದ, ನಾಲ್ಕು ಜನ ನಕ್ಕರು. ಅಕ್ಕ ಬಾಗಿಲಲ್ಲಿ ಸೆರಗು ಹಿಂಡುತ್ತಾ ನಿಂತಿದ್ದಳು. ಮೇಡಂ ನಗಲಿಲ್ಲ.

'ಒಳಗೆ ಬನ್ನಿ' ಅಂದಳು. 'ಹಿಂದಿನಿಂದ ಯಾಕೆ ಓದಿದ್ರಿ?'

ಅಕ್ಕ ಹಾಳೆ ಜೋಡಿಸುವ ಕೆಲಸ ವಿವರಿಸಿದಳು. ತಾನು ಓದಿದ ಯುದ್ಧ ಹೇಳಿದಳು. ನಗುತ್ತಿದ್ದವರು ಕೇಳತೊಡಗಿದರು. ಅಷ್ಟಕ್ಕೆ ನಿಲ್ಲಿಸಬೇಕಿತ್ತು, ನಾಲಿಗೆ ನಿಲ್ಲಲಿಲ್ಲ.

'ನನ್ನ ಬದುಕೂ ಹಿಂದಿನಿಂದ ಓದಿದ್ರೇ ಚೆಂದ ಮೇಡಂ. ಅಮ್ಮ ಹಾಸಿಗೆಯಿಂದ ಏಳ್ತಾಳೆ, ನಾನು ಇದೇ ಕೋಣೆಗೆ ಬಂದು ಕೂರ್ತೀನಿ. ನಿಮ್ಮ ಪಕ್ಕ. ಮೂರು ತಿಂಗಳು ನಾವು ಒಂದೇ ಬೆಂಚು. ನೀವು ನನ್ನ ನೋಟ್ಸ್ ನೋಡಿ ಬರ್ಕೋತಿದ್ರಿ.'

ಮೇಡಂ ಅವಳ ಕಣ್ಣು, ಹಣೆ, ಗದ್ದ ಎಲ್ಲ ಒಂದೊಂದಾಗಿ ನೋಡಿದಳು. ಹುಡುಕುತ್ತಿದ್ದಾಳೆಂಬುದು ಕಾಣುತ್ತಿತ್ತು. 'ಅಯ್ಯೋ ಪಾಪ' ಈಗ ಬಂತು, ಇನ್ನೇನು ಬಂತು ಎಂದು ಅಕ್ಕ ಹಲ್ಲು ಕಚ್ಚಿ ನಿಂತಳು.

'ಇಲ್ಲ' ಅಂದಳು ಮೇಡಂ. 'ಸುಳ್ಳು ಹೇಳಲಾರೆ. ನನಗೆ ನೆನಪಾಗ್ತಿಲ್ಲ.'

ಇದು ಅಕ್ಕನ ಲೆಕ್ಕದಲ್ಲೇ ಇರಲಿಲ್ಲ. ಒಂಬತ್ತು ವರ್ಷ ಬಾಯಿ ಬಿಡದೆ ಅಡಗಿದ್ದು ಯಾರಿಂದ? ಹುಡುಕುವವರೇ ಇಲ್ಲದ ಕಣ್ಣಾಮುಚ್ಚಾಲೆ ಆಡಿದಂತಾಯಿತು. ಅಳು ಬಂತು, ತಡೆಯಲು ಹೋಗಲಿಲ್ಲ.

'ನೀವು ಕೇಳಿದ್ದಕ್ಕೆ ಇಷ್ಟೊತ್ತಿನ ತನಕ ಉತ್ತರ ಇರಲಿಲ್ಲ' ಅಂದಳು. 'ಈಗ ಹೇಳ್ತೀನಿ. ಆ ಕಡೆಯವರಿಗೆ ನಾವು ನೆನಪಿದ್ದೀವೋ ಇಲ್ವೋ ಅಂತ ಯೋಚನೆ ಮಾಡ್ತಾ ಕೂರಬಾರದು. ಹೇಳೋದಿದ್ರೆ ಹೇಳಿಬಿಡಬೇಕು. ಆ ಹೆಂಗಸು ಹೇಳಿದಳು. ನಾನು ರಸ್ತೆ ಆ ಕಡೆ ಸುಮ್ಮನೆ ಕೂತೆ. ಒಂಬತ್ತು ವರ್ಷ ಮೇಡಂ. ಒಂದು ರಸ್ತೆ.'

ಮೇಡಂ ಪೆನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಬಂದಳು.

'ನಾವು ಕೂರ್ತಿದ್ದದ್ದು ಯಾವುದರಲ್ಲಿ?'

ಅಕ್ಕ ಎರಡನೆಯ ಸಾಲು ತೋರಿಸಿದಳು. ಅಲ್ಲಿದ್ದ ಇಬ್ಬರು ಪುಸ್ತಕ ಎತ್ತಿಕೊಂಡು ಹಿಂದಕ್ಕೆ ಹೋದರು.

'ನಾನು ಯಾವ ಕಡೆ?'

'ಕಿಟಕಿ ಕಡೆ. ಸೆಕೆ ಅಂತ ದಿನಾ ಜಗಳ ಮಾಡಿ ಆ ಜಾಗ ತಗೋತಿದ್ರಿ.'

ಮೇಡಂ ಕಿಟಕಿಯ ಕಡೆ ಸರಿದು ಕೂತಳು. ಬೆಂಚಿನ ಈ ಕಡೆ ಅಷ್ಟಗಲ ಜಾಗ ಬಿಟ್ಟು, 'ಬಾ, ಕೂತ್ಕೋ' ಅಂದಳು. 'ಮೊದಲಿಂದ ಹೇಳು.'