ಕಡವಿನಲ್ಲಿ ಕಳೆದ ನಾಲ್ಕು ಗಂಟೆ

ಪುತ್ತೂರು ಸೀಮೆಯ ಮೋಟಾರು ಉದ್ಯಮದಲ್ಲಿ ಲಾರಿ ಕೊಂಡವರು, ಓಡಿಸಿದವರು, ರಿಪೇರಿ ಮಾಡಿದವರು ಅನೇಕರಿದ್ದಾರೆ. ಲಾರಿ ಓಡಿಸುವವನಿಗೂ ನಿದ್ದೆ ಬರುತ್ತದೆ ಎಂಬ ಸಂಗತಿಯನ್ನು ಕಂಪೆನಿಯ ಪುಸ್ತಕದಲ್ಲಿ ಬರೆದು ತೋರಿಸಿದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಅವರು ಪೂರ್ಣಪ್ರಸಾದ ಲಾರಿ ಸರ್ವಿಸಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿ ದುಡಿದು, ಈ ೧೯೬೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀ ಯಜ್ಞೇಶ್ವರ ಭಟ್ಟರು. ಅವರ ಈ ಸನ್ಮಾನ ಸಂಪುಟದಲ್ಲಿ ವಕೀಲರೂ ಅಧ್ಯಾಪಕರೂ ಬರೆದಿರುವಾಗ ಅಜ್ಜಾವರದ ಡ್ರೈವರ್ ದೇರಣ್ಣನಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ, ನನಗೆ ನೆಟ್ಟಗೆ ನಾಲ್ಕು ಸಾಲು ಬರೆಯಲು ಕಲಿಸಿದ್ದೇ ಭಟ್ಟರು ಎಂದು ಹೇಳಬೇಕಾಗುತ್ತದೆ. ತಪ್ಪುಗಳಿದ್ದರೆ ಅವರನ್ನೇ ಕೇಳಿ.

೧೯೪೯ರಲ್ಲಿ ಅವರು ಕಂಪೆನಿಗೆ ಸೇರಿದಾಗ ನಾಲ್ಕು ಲಾರಿಗಳಿದ್ದವು. ಮೂಗಿಗೆ ನಸ್ಯ, ಕಂಕುಳಲ್ಲಿ ಕೊಡೆ, ಎದುರಿಗೆ ಉದ್ದನೆಯ ಹಾಜರಿ ಪುಸ್ತಕ, ಊಟವಾದ ಮೇಲೆ ಕುರ್ಚಿಯಲ್ಲೇ ಅರ್ಧ ಗಂಟೆ ನಿದ್ದೆ. ಆ ಅರ್ಧ ಗಂಟೆ ಧಣಿಗಳು ಕರೆದರೂ ಅವರು ಓಗೊಡುತ್ತಿರಲಿಲ್ಲ. ಓದು ಬಾರದ ಡ್ರೈವರುಗಳ ಮನೆಗೆ ಕಾಗದ ಬರೆಯುವುದು, ಬಂದ ಕಾಗದವನ್ನು ಓದಿ ಹೇಳುವುದು, ಕೆಟ್ಟ ಸುದ್ದಿಯಿದ್ದರೆ ಮೊದಲು ಚಹಾ ತರಿಸಿ ಕುಡಿಸುವುದು, ಇವೆಲ್ಲ ಯಾರೂ ಹೇಳದೆ ಅವರು ತಾವಾಗಿ ಹಚ್ಚಿಕೊಂಡ ಕೆಲಸಗಳು. ನನ್ನ ಮದುವೆಯ ಮಾತುಕತೆಯ ಪತ್ರವನ್ನೂ ಬರೆದವರು ಅವರೇ. ನಾನು ಶಾಂತ ಸ್ವಭಾವದವನೆಂದು ಅದರಲ್ಲಿ ಬರೆದದ್ದಕ್ಕೆ ನನ್ನ ಹೆಂಡತಿ ಕಮಲಾವತಿ ಇಂದಿಗೂ ಅವರನ್ನು ಕ್ಷಮಿಸಿಲ್ಲ.

೧೯೫೮ರ ಮಾರ್ಚಿನ ಒಂದು ಸಂಜೆ ಐದು ಗಂಟೆಗೆ ನಾನು ಸುಳ್ಯದ ದಾರಿಯಲ್ಲಿ ಸ್ಟಿಯರಿಂಗಿನ ಮೇಲೆಯೇ ತೂಕಡಿಸಿ ಲಾರಿಯನ್ನು ಮೋರಿಯ ಕಟ್ಟೆಗೆ ಗುದ್ದಿದೆ. ನನ್ನ ಎರಡು ಹಲ್ಲು ಹೋದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಎಂಟು ದಿನ ಬಿಟ್ಟು ಬಂದು ಡ್ರೈವರುಗಳ ಕೆಲಸದ ಗಂಟೆಯ ಪುಸ್ತಕವನ್ನು ತಪಾಸಣೆ ಮಾಡುವುದಾಗಿ ಮೋಟಾರು ಇನ್‌ಸ್ಪೆಕ್ಟರರಿಂದ ನೋಟೀಸು ಬಂತು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸಬಾರದೆಂಬುದು ಕಾನೂನು. ನಾನಂದು ಬೆಳಿಗ್ಗೆ ನಾಲ್ಕಕ್ಕೆ ಸುಳ್ಯ ಬಿಟ್ಟು, ಪುತ್ತೂರಿನ ಮೂಲಕ ಕಡಬಕ್ಕೆ ಹೋಗಿ ಮರಳುತ್ತಿದ್ದೆ.

ಪುಸ್ತಕವೇನೋ ಚೊಕ್ಕವಾಗಿತ್ತು. ಕಡಬದ ದಾರಿಯಲ್ಲಿ ಹೊಳೆ ದಾಟಲು ಕಡವಿನಲ್ಲಿ ಕಾಯಬೇಕು. ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಒಂದೊಂದೇ ಲಾರಿಯನ್ನು ದಾಟಿಸುತ್ತಿದ್ದರು. ಹೋಗುವಾಗ ಎರಡು ಗಂಟೆ, ಬರುವಾಗ ಎರಡು. ಆ ನಾಲ್ಕು ಗಂಟೆಯನ್ನು 'ವಿಶ್ರಾಂತಿ' ಎಂದು ಬರೆಯುವುದು ಕಂಪೆನಿಯಲ್ಲಿ ಮೊದಲಿನಿಂದ ನಡೆದು ಬಂದ ಕ್ರಮ, ಭಟ್ಟರೂ ಒಂಬತ್ತು ವರ್ಷದಿಂದ ಹಾಗೆಯೇ ಬರೆದಿದ್ದರು. ಊಟದ ಅರ್ಧ ಗಂಟೆಯನ್ನೂ ಕಳೆದರೆ, ಆ ಲೆಕ್ಕದಲ್ಲಿ ನಾನು ಓಡಿಸಿದ್ದು ಎಂಟೂವರೆ ಗಂಟೆ ಮಾತ್ರ. ಅಂದರೆ ಕಂಪೆನಿಯದು ತಪ್ಪಿಲ್ಲ, ಬೇಕಷ್ಟು ಮಲಗಿಯೂ ತೂಕಡಿಸಿದ ಡ್ರೈವರನದೇ ತಪ್ಪು. ನನ್ನ ಲೈಸೆನ್ಸು ಹೋಗುವುದು ಖಂಡಿತವಾಗಿತ್ತು, ನನಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಭಟ್ಟರು ನನ್ನನ್ನು ಕರೆದು ಕೇಳಿದರು. "ಅಲ್ಲ ದೇರಣ್ಣ, ಕಡವಿನಲ್ಲಿ ನಾಲ್ಕು ಗಂಟೆ ಮಲಗಿದವನಿಗೆ ಮತ್ತೆಂತ ನಿದ್ದೆ ಮಾರಾಯ?"

ನನಗೆ ಸಿಟ್ಟು ಬಂತು. "ಕಡವಿನಲ್ಲಿ ಮಲಗುದುಂಟಾ ಭಟ್ರೇ? ನೀವೇ ಒಮ್ಮೆ ಬಂದು ಮಲಗಿ ನೋಡಿ" ಎಂದುಬಿಟ್ಟೆ.

ಮರುದಿನ ಅವರು ನಿಜವಾಗಿಯೂ ಬಂದರು, ಕೊಡೆ ಮತ್ತು ಬುತ್ತಿ ಸಮೇತ. ಲಾರಿ ಓಡಿಸಿದವನು ಸಾಹುಲ್ ಹಮೀದ್, ನಡುವೆ ಭಟ್ಟರು, ಆಚೆ ನಾನು. ಕಡವಿನ ಇಳಿಜಾರಿನಲ್ಲಿ ಸಾಲಿಗೆ ನಿಂತದ್ದೇ ತಡ, ಬುತ್ತಿ ಬಿಚ್ಚಿ ಉಂಡು, ಕಣ್ಣು ಮುಚ್ಚಿದರು. ಸಾಲು ಒಂದು ಮಾರು ಮುಂದೆ ಹೋಯಿತು; ಚಕ್ರದ ಕಲ್ಲು ತೆಗೆದು, ಲಾರಿ ಸರಿಸಿ, ಮತ್ತೆ ಕಲ್ಲು ಇಡಬೇಕಾಯಿತು. ಹಿಂದಿನವನ ಹಾರನ್ನು, ದೋಣಿಯವರ ಬೊಬ್ಬೆ. "ಏಳಿ ಭಟ್ರೇ, ಮುಂದೆ ಹೋಗುದು" ಎಂದು ಹಮೀದ್ ಪ್ರತಿಸಲ ಮರ್ಯಾದೆಯಿಂದಲೇ ಎಬ್ಬಿಸುತ್ತಿದ್ದ. ಎರಡು ಗಂಟೆಯಲ್ಲಿ ಹನ್ನೊಂದು ಸಲ ಅವರಿಗೆ ಎಚ್ಚರವಾಯಿತು. ಒಂದೊಂದು ಸಲವನ್ನೂ ಅವರು ಚೀಟಿಯಲ್ಲಿ ಗೀಟು ಹಾಕಿ ಗುರುತಿಸಿದ್ದರು. ದೋಣಿಯ ಮೇಲೆ ಬ್ರೇಕು ಬಿಡುವಂತಿಲ್ಲ ಎಂದಾಗ ತಾವೇ ಹಮೀದನ ಜಾಗದಲ್ಲಿ ಕೂತು, ಅವನು ಹೇಳಿದಂತೆ ಕಾಲಿಟ್ಟು ಒತ್ತಿ ಹಿಡಿದರು. ಆಚೆ ದಡ ಮುಟ್ಟಿದ ಮೇಲೆಯೇ ಕಾಲು ತೆಗೆದರು.

"ನಾನು ಒಂಬತ್ತು ವರ್ಷ ಸುಳ್ಳು ಬರೆದೆ ಮಾರಾಯ" ಎಂದರು.

ಉಳಿದ ದಿನಗಳಲ್ಲಿ ಅವರು ಆ ವರ್ಷದ ಪುಸ್ತಕವನ್ನೆಲ್ಲ ಬಿಡಿಸಿ, ಕಡಬದ ಪ್ರತಿ ಟ್ರಿಪ್ಪಿನ ಎದುರು ಕೆಂಪು ಶಾಯಿಯಲ್ಲಿ 'ಕಡವಿನ ಕಾಯುವಿಕೆ ವಿಶ್ರಾಂತಿಯಲ್ಲ, ಕೆಲಸ' ಎಂದು ಬರೆದು ರುಜು ಹಾಕಿದರು. ನನ್ನ ಎಂಟೂವರೆ ಗಂಟೆ ಹನ್ನೆರಡೂವರೆಯಾಯಿತು. ಧಣಿಗಳಾದ ಮಹೇಶ್ವರ ರಾಯರು ಹೌಹಾರಿದರು.

"ಭಟ್ರೇ, ಇದೆಲ್ಲ ನಿಮ್ಮದೇ ಅಕ್ಷರ. ಸಿಕ್ಕಿ ಬೀಳುದು ನೀವು."

"ಹೌದು ರಾಯರೇ. ಬರೆದವನು ನಾನು, ತಿದ್ದುವವನೂ ನಾನೇ ಆಗ್ಬೇಕಲ್ಲ?"

ತಪಾಸಣೆಯ ದಿನ ಇನ್‌ಸ್ಪೆಕ್ಟರರು ಆ ಕೆಂಪು ಸಾಲುಗಳನ್ನು ಒಂದೊಂದಾಗಿ ಓದಿದರು. ಭಟ್ಟರು ಎದ್ದು ನಿಂತು, ಗೀಟು ಹಾಕಿದ ಚೀಟಿಯನ್ನು ಅವರ ಮುಂದಿಟ್ಟರು. ಕಂಪೆನಿಗೆ ದಂಡವಾಯಿತು, ನನ್ನ ಲೈಸೆನ್ಸು ಉಳಿಯಿತು. ಭಟ್ಟರ ಮೇಜು ಎರಡು ವರ್ಷ ಗೋದಾಮಿನ ಮೂಲೆಗೆ, ಅಡಕೆ ಮೂಟೆಗಳ ನಡುವೆ ಹೋಯಿತು. ಅಲ್ಲಿ ಕೂತು ಸೀನುತ್ತಲೇ ಕೆಲಸ ಮಾಡಿದರು. ನಸ್ಯದ ಖರ್ಚು ಉಳಿಯಿತೆಂದು ನಗುತ್ತಿದ್ದರು. ನನಗೆ ನಗಲಾಗುತ್ತಿರಲಿಲ್ಲ. ಮೂಟೆ ಇಳಿಸಲು ಹೋದಾಗಲೆಲ್ಲ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ದಂಡವಾದ ವರ್ಷವೇ ಕಡವಿನಲ್ಲಿ ಡ್ರೈವರ್ ಬದಲಾಗುವ ಏರ್ಪಾಡು ಬಂತು. ಇಳಿದವನು ಮಲಗಲೆಂದು ಭಟ್ಟರು ಮನೆಯಿಂದ ಚಾಪೆಯೊಂದನ್ನು ತಂದು ಅಲ್ಲಿನ ಚಹಾದಂಗಡಿಯಲ್ಲಿ ಇರಿಸಿದರು. ಅವರ ಪತ್ನಿ ವಸುಮತಿಯಮ್ಮ ತಾವೇ ಹೆಣೆದದ್ದು. ಹನ್ನೊಂದು ವರ್ಷದಲ್ಲಿ ನಾವೆಲ್ಲ ಅದರ ಮೇಲೆ ಉರುಳಿ ಅಂಚು ಪೂರಾ ಹರಿದಿದೆ.

ಸನ್ಮಾನದ ದಿನ ಶಾಲು ಹೊದಿಸುವವರು ಬೇರೆ ಇದ್ದಾರೆ. ನಾವು ಡ್ರೈವರುಗಳು ಒಂದು ಹೊಸ ಚಾಪೆ ತರುತ್ತೇವೆ. ಪೂಜ್ಯ ಭಟ್ಟರೇ, ತಾವು ನೂರು ಕಾಲ ಬಾಳಬೇಕು. ಹೊಸ ಡ್ರೈವರುಗಳಿಗೆ ಗಂಟೆಯ ಪುಸ್ತಕ ಬರೆಯುವುದನ್ನು ಬೆಳಗಿನ ಹೊತ್ತು ತಾವೇ ಕಲಿಸಬೇಕು. ಊಟವಾದ ಮೇಲೆ ಮಾತ್ರ ಆ ಚಾಪೆಯಲ್ಲಿ ಮಲಗಿಬಿಡಿ. ಯಾರೂ ಬಂದು ಎಬ್ಬಿಸದ ಹಾಗೆ ಬಾಗಿಲಲ್ಲಿ ನಾನು ಕೂತಿರುತ್ತೇನೆ.