ಹನುಮಂತಣ್ಣನ ಕೋಲಿಗೆ ನಾಲ್ಕನೇ ಪಟ್ಟಿ

ಆಗ ನನಗೆ ಇಪ್ಪತ್ತನಾಲ್ಕು. ಈಗ ಎಂಬತ್ತಾರು. ಅರವತ್ತೆರಡು ವರ್ಷ ಆಗಿಹೋಯ್ತು. ಇಸವಿ 1956, ನಮ್ಮ ಮೈಸೂರು ದೊಡ್ಡ ರಾಜ್ಯ ಆದ ವರ್ಷ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯ ತಪ್ಪಿಲ್ಲ.

ಮಾಗಡಿ ರಸ್ತೆಯಲ್ಲಿ, ದನ ಮೇಯೋ ಕಾವಲಿನ ಬೀಳು ಜಾಗದಲ್ಲಿ, ಒಂದು ಮಿಲ್ಲಿನ ಆಫೀಸರುಗಳು ಗಾಲ್ಫ್ ಆಡೋ ಮೈದಾನ ಇತ್ತು. ಈಗ ಹೋಗಿ ಹುಡುಕಬೇಡಿ, ಅದರ ಮೇಲೆ ಸೈಟು, ಮನೆ, ಕಲ್ಯಾಣಮಂಟಪ ಎಲ್ಲಾ ಎದ್ದಿವೆ. ಒಂಬತ್ತು ಗುಂಡಿಯ ಮೈದಾನ. ಗುಂಡಿಯ ಸುತ್ತ ಹುಲ್ಲು ಬೆಳೆಸೋಕೆ ನೀರಿರಲಿಲ್ಲ. ಮರಳಿಗೆ ಹಳೇ ಎಣ್ಣೆ ಕಲಸಿ ಹರಡಿ, ಗೋಣಿತಾಟು ಎಳೆದು ಸಮ ಮಾಡ್ತಿದ್ದರು. ಅದಕ್ಕೆ ಬ್ರೌನು ಅಂತ ಹೆಸರು. ಮೊದಲನೇ ಗುಂಡಿಗೆ ಚೆಂಡು ಹೊಡೆಯೋ ಜಾಗದ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ನಾನು ಮತ್ತು ನಮ್ಮಪ್ಪ. ನಾವು ಚರ್ಮದ ಕೆಲಸದ ಜನ. ಸಾಹೇಬರು ಕ್ಲಬ್ಬು ಅನ್ನೋದನ್ನ ನಾವು ಕೋಲು ಅಂತಿದ್ವಿ. ಆ ಕೋಲಿಗೆ ಚರ್ಮದ ಹಿಡಿ ಸುತ್ತೋದು ನಮ್ಮ ಕೆಲಸ.

ಹಿಡಿ ಸುತ್ತೋದು ಹೇಗೆ ಅಂದರೆ, ಹಳೇ ಚರ್ಮ ಬಿಚ್ಚಬೇಕು. ಕೆಳಗೆ ಬಟ್ಟೆಪಟ್ಟಿ ಇರುತ್ತೆ, ಅದಕ್ಕೆ ಅಡಿಪಟ್ಟಿ ಅಂತೀವಿ. ಅದರ ಮೇಲೆ ಕಾಯಿಸಿದ ರಾಳ ಸವರಿ, ಮುಕ್ಕಾಲು ಇಂಚು ಅಗಲದ ಚರ್ಮ ಓರೆಯಾಗಿ ಸುತ್ತಿ, ಕೊನೆಗೆ ಮೇಣದ ದಾರ ಬಿಗಿಯಬೇಕು. ಹಿಡಿ ಸಣ್ಣ ಆದರೆ ಕೋಲು ಕೈಯಲ್ಲಿ ತಿರುಗುತ್ತೆ. ದಪ್ಪ ಆದರೆ ಮಣಿಕಟ್ಟು ಆಡಲ್ಲ, ಚೆಂಡು ಸತ್ತ ಹಾಗೆ ಬೀಳುತ್ತೆ. ಅಡಿಪಟ್ಟಿ ಒಂದು ಸುತ್ತು ಹೆಚ್ಚಿದರೆ ಕಣ್ಣಿಗೆ ಗೊತ್ತಾಗಲ್ಲ, ಕೈಗೆ ಗೊತ್ತಾಗುತ್ತೆ.

ಹನ್ನೊಂದು ವರ್ಷ ಆ ಶೆಡ್ಡಿನಲ್ಲಿ ಕೂತು ಆಟ ನೋಡಿದ್ದೀನಿ. ಒಂದು ದಿನವೂ ಆಡಿಲ್ಲ. ಆದರೂ ಹೇಳ್ತೀನಿ. ವಿಲಾಯತಿಯಿಂದ ಹೊಸಾ ಕೋಲು ತರಿಸಿದೋನು ಯಾವನೂ ಅದರಿಂದ ಚೆನ್ನಾಗಿ ಆಡಿದ್ದು ನಾನು ಕಾಣೆ. ಮೊದಲು ಹೊಟ್ಟೆ ಕರಗಿಸಬೇಕು. ಎರಡು ದೋಸೆ ಹೊಡೆದು, ಮೋಟಾರಿನಿಂದ ಇಳಿದು, ಮೈ ಸಡಿಲ ಮಾಡಿಕೊಳ್ಳದೆ ಬೀಸಿದರೆ ಸೊಂಟ ಹಿಡಿಯುತ್ತೆ. ಹಿಡಿಯಲೇಬೇಕು. ಬೆವರಿದ ಕೈ ಒರೆಸಿಕೊಳ್ಳದೋನ ಹಿಡಿಯ ಚರ್ಮ ಮೂರೇ ತಿಂಗಳಿಗೆ ಕಪ್ಪು. ಸಿಟ್ಟಿನೋನ ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿರುತ್ತೆ. ಹಿಡಿ ನೋಡಿ ಆಳು ಎಂಥೋನು ಅಂತ ಹೇಳ್ತಿದ್ದೆ ನಾನು. ಆ ಜಂಬವೇ ನನ್ನ ಕೆಡಿಸಿತು.

ಹನುಮಂತಣ್ಣ ಹೇರೋಹಳ್ಳಿಯೋನು. ಒಕ್ಕಲು ಮನೆತನ. ಮೂವತ್ತಾರು ವಯಸ್ಸು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಇಪ್ಪತ್ತು ವರ್ಷದಿಂದ ಕ್ಯಾಡಿ, ಅಂದರೆ ಸಾಹೇಬರ ಕೋಲಿನ ಚೀಲ ಹೊರೋ ಕೆಲಸ. ಕ್ಯಾಡಿಗಳು ಆಡಬಹುದಾಗಿದ್ದು ಸೋಮವಾರ ಮಾತ್ರ, ಸಾಹೇಬರು ಬರದ ದಿನ. ಆ ಒಂದು ದಿನದ ಆಟದಲ್ಲೇ ಅವನು ಎಲ್ಲರಿಗಿಂತ ಮೇಲಾಗಿದ್ದ. ಮನೆಯಲ್ಲಿ ನಾಲ್ಕು ಎಮ್ಮೆ. ಹಾಲು ಕರೆದ ಕೈ. ಬಿಗಿ ಇರುತ್ತೆ, ನೋಯಿಸಲ್ಲ. ಅವನ ಹಿಡಿಯ ಚರ್ಮ ಒಂದೂವರೆ ವರ್ಷ ಬಾಳಿಕೆ ಬರ್ತಿತ್ತು.

ಅವನು ಶೆಡ್ಡಿನ ಒಳಗೆ ಕಾಲಿಡ್ತಿರಲಿಲ್ಲ. ಹೊರಗೆ ಒಂದು ಚಪ್ಪಡಿಕಲ್ಲು. ಅದರ ಮೇಲೆ ಕೋಲಿಟ್ಟು ಕೈ ಹಿಂದಕ್ಕೆ ತಗೋತಿದ್ದ. ಆಮೇಲೆ ನಾನು ಎತ್ತಿಕೋಬೇಕು. ಕೆಲಸ ಮುಗಿದ ಮೇಲೆ ನಾನು ಇಡಬೇಕು, ಅವನು ಎತ್ತಿಕೋಬೇಕು. ಸಾಹೇಬರಾದರೆ ಅಂಗೈ ಚಾಚೋರು, ಅಪ್ಪ ದಾರ ಹಿಡಿದು ಅಳತೆ ತಗೊಳ್ಳೋನು. ಹನುಮಂತಣ್ಣನ ಕೈ ನಾವು ಮುಟ್ಟೋ ಹಾಗಿರಲಿಲ್ಲ. ಹಾಗಂತ ಕೆಟ್ಟೋನಲ್ಲ. ಕಲ್ಲಿನ ಮೇಲೆ ಕೂತು ಗಂಟೆಗಟ್ಟಲೆ ಹರಟೆ ಹೊಡೀತಿದ್ದ. ಊರಿನ ಪದ್ಧತಿ ಅದು, ಅವನೂ ಯೋಚನೆ ಮಾಡಲಿಲ್ಲ, ನಾವೂ ಮಾಡಲಿಲ್ಲ.

ಯುಗಾದಿ ಆದ ವಾರ ಬಂದ. "ರಂಗೀ, ಕೋಲು ಕೈಯಲ್ಲಿ ತಿರುಗ್ತೈತೆ ಕಣೇ. ಎಡಗೈ ಜೋಮು ಹಿಡಿದಂಗೆ."

"ವಯಸ್ಸಾಯ್ತು ನಿಂಗೆ. ಎಮ್ಮೆ ಮಾರಿಬಿಡು," ಅಂದೆ.

"ನಾಲಗೆಗೂ ಒಂದು ಪಟ್ಟಿ ಸುತ್ತಿಕೊಳ್ಳೇ ನೀನು," ಅಂತ ನಕ್ಕ.

ಅಪ್ಪ ಕಲಿಸಿದ ಪಾಠ ಒಂದೇ: ಕೋಲು ಜಾರಿದರೆ ಹಿಡಿ ದಪ್ಪ ಮಾಡು. ಒಂದು ಅಡಿಪಟ್ಟಿ ಹೆಚ್ಚಿಗೆ ಸುತ್ತಿಕೊಟ್ಟೆ. ಸರಿಯಾಯ್ತು ಅಂದ. ಎರಡು ತಿಂಗಳಿಗೆ ಮತ್ತೆ ಬಂದ, ಎರಡನೇ ಪಟ್ಟಿ. ಗೌರಿ ಹಬ್ಬದ ಹೊತ್ತಿಗೆ ಮೂರನೇದು. ಆ ಸಲ ಬಿಚ್ಚಿ ನೋಡ್ತೀನಿ, ಎಡಗೈ ಕಿರುಬೆರಳು ಕೂರೋ ಜಾಗದಲ್ಲಿ ಚರ್ಮ ತೂತಾಗಿತ್ತು. ಒಂದೂವರೆ ವರ್ಷ ಬಾಳೋ ಚರ್ಮ! ಸುತ್ತ ಕಪ್ಪುಕಲೆ. ಬೆವರಿನ ಕಲೆ ಹಾಗಿರಲ್ಲ. ಅದು ರಕ್ತ.

"ಅಣ್ಣಾ, ಗುಳ್ಳೆ ಒಡೆದೈತೆ ನಿನ್ನ ಕೈಯಲ್ಲಿ. ನೋವಾಗಲ್ವಾ?"

ಅಂಗೈ ತಿರುಗಿಸಿ ತಾನೇ ಹೊಸದಾಗಿ ನೋಡಿದ. "ಅರೆ, ಹೌದಲ್ಲ! ಗೊತ್ತೇ ಆಗಿಲ್ಲ ನೋಡು. ರೈತನ ಕೈ ಕಣಮ್ಮ, ಸಾಹೇಬರದಲ್ಲ," ಅಂದ.

ಗಂಡಸಿನ ಜಂಬ ಅಂದುಕೊಂಡೆ. ಮೂರನೇ ಪಟ್ಟಿ ಸುತ್ತಿದೆ. ನನ್ನ ತಪ್ಪು ಯಾವತ್ತು ಶುರುವಾಯ್ತು ಅಂತ ಕೇಳಿದರೆ ಅವತ್ತು ಅಂತೀನಿ.

ಆ ತಿಂಗಳೇ ಸೆಕ್ರೆಟರಿ ಸಾಹೇಬರು ಮೈದಾನಕ್ಕೆ ಒಬ್ಬ ಮಾರ್ಕರ್ ಬೇಕು ಅಂದರು. ಮಾರ್ಕರ್ ಅಂದರೆ ಮೆಂಬರುಗಳ ಜೊತೆ ಆಡಿ ಅವರಿಗೆ ಕಲಿಸೋನು. ಚೀಲ ಹೊರಂಗಿಲ್ಲ. ದಿನಾ ಆಡಬಹುದು. ಇಬ್ಬರ ಹೆಸರು ಬಂತು. ಒಬ್ಬ ನಮ್ಮ ಹನುಮಂತಣ್ಣ, ಇನ್ನೊಬ್ಬ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಕ್ಯಾಡಿ ಅಂತೋಣಿ. ದಸರಾ ಕಳೆದ ಭಾನುವಾರ ಇಬ್ಬರೂ ಎರಡು ಸುತ್ತು, ಅಂದರೆ ಹದಿನೆಂಟು ಗುಂಡಿ ಆಡೋದು. ಕಡಿಮೆ ಏಟಿನಲ್ಲಿ ಮುಗಿಸಿದೋನಿಗೆ ಕೆಲಸ. "ದಿನಾ, ರಂಗೀ! ಸೋಮವಾರ ಕಾಯಂಗೇ ಇಲ್ಲ," ಅಂತ ಅವನು ಅದನ್ನೇ ಹತ್ತು ಸಲ ಹೇಳಿದ.

ಆಟಕ್ಕೆ ಮೂರು ದಿನ ಮುಂಚೆ, ಗುರುವಾರ ಬೆಳಿಗ್ಗೆ, ಬಂದು ಕಲ್ಲಿನ ಮೇಲೆ ಕೂತ. ಇನ್ನೊಂದು ಪಟ್ಟಿ ಬೇಕಂತೆ.

"ಇದು ಗಾಲ್ಫ್ ಕೋಲೋ, ರಾಗಿ ಕುಟ್ಟೋ ಒನಕೆಯೋ?" ಅಂದೆ.

ಅಪ್ಪ ಚರ್ಮ ತರೋಕೆ ಪೇಟೆಗೆ ಹೋಗಿದ್ದ. ರಾಳದ ಬಾಣಲೆ ಕಲ್ಲಿನ ಪಕ್ಕದಲ್ಲೇ ಕೆಂಡದ ಮೇಲೆ ಇತ್ತು. ಹನುಮಂತಣ್ಣ ಅಂತೋಣಿ ಹೇಗೆ ಬೀಸ್ತಾನೆ ಅಂತ ಆಡಿ ತೋರಿಸ್ತಾ, ಎಡಗೈ ಊರಿಕೊಂಡು ಈ ಕಡೆ ವಾಲಿದ. ಕೈ ಊರಿದ್ದು ಬಾಣಲೆಯ ಅಂಚಿನ ಮೇಲೆ. ನನಗೆ ಮೊದಲು ವಾಸನೆ ಬಂತು. ಸುಟ್ಟ ಚರ್ಮದ ವಾಸನೆ ನನಗೆ ಹೇಳಿಕೊಡಬೇಕಾಗಿಲ್ಲ. ತಿರುಗಿ ನೋಡಿದರೆ ಇವನು ಇನ್ನೂ ಮಾತಾಡ್ತಿದ್ದಾನೆ.

"ಕೈ! ಕೈ ತೆಗಿ!" ಅಂತ ಕಿರುಚಿದೆ.

ತೆಗೆದ. ಮೂರು ಬೆರಳಿನ ಒಳಮೈ ಬೆಳ್ಳಗಾಗಿತ್ತು. ಅವನು ಅದನ್ನ ನೋಡಿದ, ನನ್ನ ನೋಡಿದ. ಇಬ್ಬರಿಗೂ ಗೊತ್ತಾಯ್ತು. ಆ ಕಾಲದಲ್ಲಿ ಗೊತ್ತಾಗದೇ ಇರೋರು ಯಾರು? ಮಹಾರೋಗ. ಕುಷ್ಠ. ಅದೇ ಮಾಗಡಿ ರಸ್ತೆಯಲ್ಲಿ ಅದರ ಆಸ್ಪತ್ರೆ ಇತ್ತು. ಅದರ ಗೇಟಿನ ಮುಂದೆ ಜನ ಮೂಗಿಗೆ ಸೆರಗು ಹಿಡಕೊಂಡು ಹೋಗ್ತಿದ್ದರು.

"ಇವತ್ತೇ ಹೋಗು ಆಸ್ಪತ್ರೆಗೆ," ಅಂದೆ.

"ಭಾನುವಾರ ಆಗ್ಲಿ."

"ಬೆರಳು ಹೋಗ್ತಾವೆ ಕಣಣ್ಣಾ."

"ಗೊತ್ತಾದ್ರೆ ಆಟಕ್ಕೇ ಬಿಡಲ್ಲ. ಎರಡು ಹೆಣ್ಣವೆ ನಂಗೆ. ಭಾನುವಾರ ಒಂದು ಆಡಿಬಿಡ್ತೀನಿ, ಸೋಮವಾರ ನಾನೇ ಹೋಗ್ತೀನಿ. ನೀನು ಪಟ್ಟಿ ಸುತ್ತು ತಾಯಿ."

ನಾನು ಸುತ್ತಿದೆ. ಬೇರೆ ಏನು ಮಾಡಬಹುದಿತ್ತು ಅಂತ ಯಾರಾದರೂ ಕೇಳಿದರೆ, ಬೇಕಾದಷ್ಟು ಇತ್ತು. ಅಪ್ಪನಿಗೆ ಹೇಳಬಹುದಿತ್ತು. ಅವನ ಹೆಂಡತಿಗೆ ಹೇಳಬಹುದಿತ್ತು. ಸುತ್ತಲ್ಲ ಅಂತ ಕೂರಬಹುದಿತ್ತು. ಯಾರಿಗೂ ಹೇಳಲಿಲ್ಲ. ಅವನು ಗೆಲ್ಲಲಿ ಅಂತ ನನಗೂ ಆಸೆ ಇತ್ತು. ನಾಲ್ಕನೇ ಪಟ್ಟಿ ನೀಟಾಗಿ ಸುತ್ತಿ, ಕಲ್ಲಿನ ಮೇಲೆ ಇಟ್ಟೆ. ಎತ್ತಿಕೊಂಡು ಹೋದ.

ಭಾನುವಾರ ಮಿಲ್ಲಿನ ಜನ ಎಲ್ಲಾ ಸೇರಿದ್ದರು. ನಾನೂ ಅಪ್ಪನೂ ದೂರದಿಂದ ಜೊತೆಗೇ ನಡೆದ್ವಿ. ಹನುಮಂತಣ್ಣ ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಬೆರಳಿಗೆ ಮುಳ್ಳು ಹೊಕ್ಕಿದೆ ಅಂತ ಹೇಳಿದನಂತೆ. ಅವನು ಆಡಿದ್ದನ್ನ ನಾನು ಮರೆತಿಲ್ಲ. ಪ್ರತಿ ಏಟಿಗೂ ಮುಂಚೆ ಕೈ ನೋಡ್ತಿದ್ದ. ಬೆರಳು ಮುಚ್ಚಿದೆಯಾ ಇಲ್ಲವಾ ಅಂತ ಕಣ್ಣಿನಲ್ಲಿ ನೋಡಿ ತಿಳಕೋಬೇಕಾಗಿತ್ತು ಅವನಿಗೆ. ಚೆಂಡು ನೋಡಬೇಕಾದೋನು ಕೈ ನೋಡ್ತಿದ್ದ. ಆದರೂ ಹದಿನೇಳು ಗುಂಡಿ ಮುಗಿದಾಗ ಇಬ್ಬರ ಏಟೂ ಸಮ.

ಕೊನೇ ಬ್ರೌನಿನಲ್ಲಿ ಅಂತೋಣಿಯ ಚೆಂಡು ಗುಂಡಿಯ ಅಂಚು ಸವರಿ ಆಚೆ ಹೋಯ್ತು. ಹನುಮಂತಣ್ಣನ ಚೆಂಡು ಎಂಟು ಅಡಿ ದೂರದಲ್ಲಿತ್ತು. ಗೋಣಿತಾಟು ಎಳೆದು ಮರಳು ಸಮ ಮಾಡಿದರು. ಅವನು ಕೈ ನೋಡಿಕೊಂಡ, ಮೆಲ್ಲಗೆ ತಳ್ಳಿದ. ಚೆಂಡು ನೇರ ಹೋಗಿ ಬಿತ್ತು. ಒಂದು ಏಟಿನಲ್ಲಿ ಗೆದ್ದ.

ಗೆದ್ದೋನಿಗೆ ಕೈ ಕುಲುಕೋದು ಸಾಹೇಬರ ಪದ್ಧತಿ. ಕ್ಯಾಡಿಯ ಕೈಯನ್ನ ಸಾಹೇಬರು ಮುಟ್ಟೋದು ಆವತ್ತು ಒಂದೇ ದಿನ. ಸೆಕ್ರೆಟರಿ ಸಾಹೇಬರು ಖುಷಿಯಲ್ಲಿ ಎರಡೂ ಕೈಯಿಂದ ಅವನ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಬಟ್ಟೆ ಜಾರಿ ಬಿತ್ತು. ಪಕ್ಕದಲ್ಲೇ ಮಿಲ್ಲಿನ ಡಾಕ್ಟರು ನಿಂತಿದ್ದರು.

"ಈ ಪಾಟಿ ಸುಟ್ಟಿದೆ, ಹೇಗಯ್ಯಾ ಆಡಿದೆ?" ಅಂದರು.

"ಏನೂ ಇಲ್ಲ ಸಾರ್."

ಡಾಕ್ಟರು ಅವನ ಕಿವಿಯ ಹಾಲೆ ನೋಡಿದರು, ಮೊಣಕೈ ಹಿಂದೆ ಒತ್ತಿ ನೋಡಿದರು. ಆಮೇಲೆ ಚೆಂಡು ಇಡೋ ಟೀ ಕಡ್ಡಿ ಒಂದನ್ನ ಜೇಬಿನಿಂದ ತೆಗೆದರು. "ಕಣ್ಣು ಮುಚ್ಚು. ಚುಚ್ಚಿದಾಗ ಹೇಳು."

ಹನುಮಂತಣ್ಣ ಕಣ್ಣು ಮುಚ್ಚಿದ. ಡಾಕ್ಟರು ಕಿರುಬೆರಳಿಗೆ ಒಂದು ಸಲ, ಉಂಗುರದ ಬೆರಳಿಗೆ ಒಂದು ಸಲ, ಅಂಗೈಗೆ ಎರಡು ಸಲ ಚುಚ್ಚಿದರು.

"ಚುಚ್ಚಿ ಸಾರ್," ಅಂದ ಅವನು. "ಇನ್ನೂ ಚುಚ್ಚೇ ಇಲ್ವಲ್ಲ."

ಸೆಕ್ರೆಟರಿ ಸಾಹೇಬರು ಹಿಂದಕ್ಕೆ ಸರಿದರು. ಕರವಸ್ತ್ರ ತೆಗೆದು ಕೈ ಒರೆಸಿ ಒರೆಸಿ, ಆ ಕರವಸ್ತ್ರವನ್ನೇ ಕೆಳಗೆ ಹಾಕಿದರು. ಜನ ಸುತ್ತ ಜಾಗ ಬಿಟ್ಟರು. ಡಾಕ್ಟರು ಒಬ್ಬರೇ ಅವನ ಕೈ ಬಿಡಲಿಲ್ಲ. "ಇದಕ್ಕೆ ಈಗ ಮಾತ್ರೆ ಇದೆ ಕಣಯ್ಯಾ. ಆರು ತಿಂಗಳ ಹಿಂದೆ ಬಂದಿದ್ರೆ ಈ ಬೆರಳು ಉಳೀತಿದ್ವೋ ಏನೋ," ಅಂದರು.

ಆರು ತಿಂಗಳು. ಯುಗಾದಿಯಿಂದ ಎಣಿಸಿ ನೋಡಿ. ನಾನು ಮೊದಲನೇ ಪಟ್ಟಿ ಸುತ್ತಿದ್ದು ಅವತ್ತೇ.

ಅಲ್ಲಿಂದಲೇ ಅವನನ್ನ ಆಸ್ಪತ್ರೆಗೆ ಕಳಿಸಿದರು. ಹೋಗೋ ಮುಂಚೆ ಶೆಡ್ಡಿನ ಹತ್ತಿರ ಬಂದ. ಕೋಲನ್ನ ಎಂದಿನ ಹಾಗೆ ಕಲ್ಲಿನ ಮೇಲಿಟ್ಟು ಕೈ ಹಿಂದಕ್ಕೆ ತಗೊಂಡ.

"ಹಿಡಿ ಜಾರಲಿಲ್ಲ ಕಣೇ ರಂಗೀ," ಅಂದ.

ನಾನು ಕೋಲು ಎತ್ತಿಕೊಳ್ಳೋಕೆ ಹೋಗಲಿಲ್ಲ. ಅವನು ನೋಡ್ತಾ ನಿಂತ. ನಾನು ಮುಟ್ಟಲ್ಲ ಅಂತ ಗೊತ್ತಾಗಿ, ಹೊರಟ.

ಮಾರ್ಕರ್ ಕೆಲಸ ಅಂತೋಣಿಗೆ ಹೋಯ್ತು. ಹನುಮಂತಣ್ಣನ ಹೆಂಡತಿ ಮಕ್ಕಳನ್ನ ಕರಕೊಂಡು ತವರಿಗೆ ಹೋದಳು. ಮಾತ್ರೆಯಿಂದ ರೋಗವೇನೋ ನಿಂತಿತಂತೆ, ಊರಿನೋರು ಮಾತ್ರ ಸೇರಿಸಲಿಲ್ಲ. ಆಸ್ಪತ್ರೆಯ ಕಾಂಪೌಂಡಿನಲ್ಲೇ ಉಳಕೊಂಡ. ನಾಲ್ಕು ವರ್ಷ ಆದ ಮೇಲೆ ಒಂದು ಸಲ ಗೇಟಿನ ಆಚೆ ಕಂಡೆ. ಎಡಗೈಯಲ್ಲಿ ಹೆಬ್ಬೆರಳು ಒಂದೇ ಇತ್ತು. ಮಾತಾಡಿಸೋಣ ಅಂತ ಹೋದೋಳು ಮಾತಾಡಿಸದೆ ಬಂದೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಕೋಲು ಜಾರ್ತಿದೆ ಅಂತ ಬಂದೋನ ಕೋಲು ನೋಡಬೇಡಿ, ಕೈ ನೋಡಿ. ಮುಟ್ಟಿ ನೋಡಿ. ಅವನು ಬೇಡ ಅಂದರೂ ನೋಡಿ. ಹಿಡಿ ದಪ್ಪ ಮಾಡೋದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡೋದು. ಇದನ್ನ ಕಲಿತು ಹನುಮಂತಣ್ಣನಿಗೆ ಏನೂ ಉಪಯೋಗ ಆಗಲಿಲ್ಲ.

ಆ ಆಟದ ಮಾರನೇ ದಿನ ಸೋಮವಾರ. ಅವನ ಕೋಲು ಸುಟ್ಟುಬಿಡಿ ಅಂತ ಆಫೀಸಿನಿಂದ ಹೇಳಿ ಕಳಿಸಿದ್ದರು. ಬೆಳಿಗ್ಗೆ ಹೋದೆ. ಕೋಲು ಕಲ್ಲಿನ ಮೇಲೇ ಇತ್ತು. ಅದನ್ನ ಮುಟ್ಟೋ ಮುಂಚೆ ಒಳಗೆ ಹೋಗಿ, ಚರ್ಮಕ್ಕೆ ತೂತು ಹಾಕೋ ಆರಿ ತಗೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತೆ. ಕಣ್ಣು ಮುಚ್ಚಿಕೊಂಡು ನನ್ನ ಬೆರಳಿಗೆ ಒಂದೊಂದಾಗಿ ಚುಚ್ಚಿಕೊಂಡೆ. ಹತ್ತಕ್ಕೆ ಹತ್ತೂ ನೋವಾದವು. ಸಂತೋಷ ಆಯ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಸಂತೋಷ ಆಯ್ತು. ಆಮೇಲೆ ಹೊರಗೆ ಬಂದು ಕೋಲು ಎತ್ತಿಕೊಂಡು, ನಾಲ್ಕೂ ಪಟ್ಟಿ ಬಿಚ್ಚಿ, ಬಾಣಲೆಯ ಕೆಳಗಿನ ಕೆಂಡಕ್ಕೆ ಹಾಕಿದೆ.